ಅರವತ್ನಾಲ್ಕು ಜನರ ಹಾಜರಿ

ನಗರಸಭೆಯ ಕಾಗದ ಬಂದದ್ದು ಮಳೆ ಹಿಡಿದುಕೊಂಡಿದ್ದ ಒಂದು ಮಂಗಳವಾರ. ಸಮುದಾಯ ಭವನದ ಹಾಲಿನಲ್ಲಿ ಛಾವಣಿ ಸೋರುವ ಜಾಗಗಳಿಗೆ ಮೂರು ಬಕೆಟ್ಟು, ಎರಡು ಹಳೆಯ ಬಣ್ಣದ ಡಬ್ಬಿ ಇಟ್ಟಿದ್ದರು. ಹನಿ ಬೀಳುವ ಸದ್ದನ್ನು ಮೀರಿಸುವಂತೆ ಮೆಡಿಕಲ್ ಅಂಗಡಿಯವರು ಕಾಗದವನ್ನು ಗಟ್ಟಿಯಾಗಿ ಓದಿದರು. ಅವರು ಬಡಾವಣೆಯ ಸಮಿತಿಯ ಅಧ್ಯಕ್ಷರು. ಡಾಕ್ಟರುಗಳ ಚೀಟಿ ಓದಿ ಓದಿ ಅವರಿಗೆ ಎಂಥ ಸೊಟ್ಟ ಅಕ್ಷರವೂ ನೀರು ಕುಡಿದಷ್ಟು ಸಲೀಸು. ನೀಟಾಗಿ ಟೈಪ್ ಮಾಡಿದ್ದನ್ನು ಓದುವಾಗ ಮಾತ್ರ ತಡವರಿಸುತ್ತಾರೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಮೂರು ವರ್ಷದಿಂದ ಅವರೆಲ್ಲ ಅರ್ಜಿ ಬರೆಯುತ್ತಲೇ ಇದ್ದರು. ಛಾವಣಿ ಬದಲಿಸಿ, ಮೇಲೊಂದು ಮಹಡಿ ಕಟ್ಟಿಸಿ, ಹೆಂಗಸರಿಗೆ ಬೇರೆ ಶೌಚಾಲಯ ಮಾಡಿಸಿ ಎಂದು. ಈಗ ಉತ್ತರ ಬಂದಿತ್ತು. ಈ ಜಾಗದಲ್ಲಿ ವಾಹನ ನಿಲುಗಡೆ ಮಾಡಬೇಕೆಂಬ ಇನ್ನೊಂದು ಪ್ರಸ್ತಾವವೂ ನಗರಸಭೆಯ ಮುಂದಿದೆ. ದಿನಕ್ಕೆ ಸರಾಸರಿ ಅರವತ್ತು ಜನರಾದರೂ ಬಳಸುವ ಭವನಗಳಿಗೆ ಮಾತ್ರ ಹೊಸ ಕಟ್ಟಡ. ಮೂರು ವಾರ ಕಳೆದ ಮೇಲೆ, ಶುಕ್ರವಾರ ಹನ್ನೊಂದು ಗಂಟೆಗೆ, ಮೂರು ವರ್ಷದ ಹಾಜರಿ ಪುಸ್ತಕಗಳೊಂದಿಗೆ ಒಬ್ಬ ಪ್ರತಿನಿಧಿ ಬಂದು ಮೂರು ನಿಮಿಷ ಮಾತಾಡಬಹುದು.

"ಅರವತ್ತು ತಾನೆ?" ಎಂದ ಕಂಡಕ್ಟರಣ್ಣ. ಬಸ್ಸಿನ ಕೆಲಸದಿಂದ ನಿವೃತ್ತನಾಗಿ ಹತ್ತು ವರ್ಷವಾದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಭವನದ ಬೀಗ, ಪುಸ್ತಕ, ಚೆಸ್ ಮಣೆ ಎಲ್ಲ ಅವನ ಸುಪರ್ದಿ. "ನಮ್ಮದು ಅರವತ್ನಾಲ್ಕಿದೆ. ನಾಲ್ಕು ಜನ ಫುಟ್‌ಬೋರ್ಡ್ ಮೇಲೆ ನೇತಾಡ್ತಿದ್ದಾರೆ ಅನ್ಕೊಳ್ಳಿ."

"ಮಾತಾಡೋದು ಯಾರು?" ಎಂದು ಯಾರೋ ಕೇಳಿದರು.

"ನಾನು ಆಗ್ಬಹುದು. ಆದ್ರೆ ಮೂರೇ ನಿಮಿಷ ಅಂದ್ರೆ..." ಎಂದು ಮೆಡಿಕಲ್ ಅಂಗಡಿಯವರು ರಾಗ ಎಳೆದರು.

"ಮೂರು ನಿಮಿಷ ನಿಮಗೆ ಗಂಟಲು ಸರಿ ಮಾಡ್ಕೊಳ್ಳೋಕೇ ಸಾಲಲ್ಲ," ಎಂದಳು ಟೈಲರಮ್ಮ, ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆಯದೆಯೇ. "ಲ್ಯಾಬಕ್ಕ ಹೋಗ್ಲಿ. ಅವರು ಒಂದು ಲೆಕ್ಕ ಹೇಳಿದ್ರೆ ದೇವರೂ ಎರಡನೇ ಸಲ ಎಣಿಸಲ್ಲ."

ಎಲ್ಲರೂ ಓದುವ ಕೋಣೆಯತ್ತ ತಿರುಗಿದರು.

ಲ್ಯಾಬಕ್ಕ ಮೂವತ್ತೆರಡು ವರ್ಷ ಊರಿನ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದವಳು. ಟ್ಯಾಂಕು ಟ್ಯಾಂಕಿನಿಂದ ಬಂದ ನೀರನ್ನು ಗಾಜಿನ ತಟ್ಟೆಯಲ್ಲಿ ಕ್ರಿಮಿ ಬೆಳೆಸುವ ಅಂಟಿನೊಂದಿಗೆ ಬೆರೆಸಿ, ಬೆಚ್ಚಗಿಟ್ಟು, ಎರಡು ದಿನದ ಮೇಲೆ ಮೂಡಿದ ಚುಕ್ಕೆಗಳನ್ನು ಒಂದೊಂದಾಗಿ ಎಣಿಸುವುದು ಅವಳ ಕೆಲಸವಾಗಿತ್ತು. ಭವನಕ್ಕೆ ಅವಳು ಹೊಸಬಳು. ಅವಳ ಗಂಡ ಹತ್ತೊಂಬತ್ತು ವರ್ಷ ತಪ್ಪದೆ ಬರುತ್ತಿದ್ದರು. ವಾಚು ರಿಪೇರಿಯ ಅಂಗಡಿಗೆ ನಾಲ್ಕಕ್ಕೆ ಬಾಗಿಲು ಎಳೆದು ನೇರ ಇಲ್ಲಿಗೆ, ಚೆಸ್ ಮೇಜಿಗೆ. "ಒಂದಿನ ನೀನೂ ಬಾರೇ," ಎಂದು ಕರೆಯುತ್ತಿದ್ದರು. ಅವಳಿಗೆ ಯಾವಾಗಲೂ ಒಂದು ತಟ್ಟೆ ಎಣಿಸುವುದು ಬಾಕಿ ಇರುತ್ತಿತ್ತು. ಅವರು ಹೋಗಿ ಆರು ತಿಂಗಳ ಮೇಲೆ, ಅವರು ತಂದಿಟ್ಟಿದ್ದ ಒಂದು ಪುಸ್ತಕ ಹಿಂತಿರುಗಿಸಲು ಬಂದವಳು, ಓದುವ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂತು, ಮಾರನೆಯ ದಿನವೂ ಬಂದಿದ್ದಳು. ಇದಕ್ಕೀಗ ಎರಡು ವರ್ಷದ ಹತ್ತಿರ.

"ಸರಿ, ಹೋಗ್ತೀನಿ," ಎಂದಳು. "ಪುಸ್ತಕಗಳನ್ನ ಕೊಡಿ, ಮನೇಲಿ ಲೆಕ್ಕ ಹಾಕ್ತೀನಿ."

ಕಂಡಕ್ಟರಣ್ಣ ತಲೆ ಕೆರೆದುಕೊಂಡ. "ನಿಮಗ್ಯಾಕಕ್ಕ ಆ ಕಷ್ಟ? ಮೊತ್ತ ನಾನೇ ಹಾಕ್ಕೊಡ್ತೀನಿ."

"ಬೇರೆಯವರು ಎಣಿಸಿದ್ದಕ್ಕೆ ನಾನು ಯಾವತ್ತೂ ಸಹಿ ಹಾಕಿಲ್ಲ ಕಂಡಕ್ಟರಣ್ಣ."

ಅವನು ಟೈಲರಮ್ಮನ ಮುಖ ನೋಡಿದ. ಟೈಲರಮ್ಮ ನೆಲ ನೋಡಿದಳು. ಇದು ಲ್ಯಾಬಕ್ಕನಿಗೆ ಆಗ ವಿಶೇಷವೆನಿಸಲಿಲ್ಲ.

*

ಭವನದಲ್ಲಿ ಒಂದೊಂದು ಕೋಣೆಗೆ ಒಂದೊಂದು ಪುಸ್ತಕವಿತ್ತು. ಓದುವ ಕೋಣೆಯದು ಅವಳಿಗೆ ಗೊತ್ತಿದ್ದದ್ದೇ. ದಿನವೂ ಸಹಿ ಹಾಕುತ್ತಿದ್ದಳು. ಹನ್ನೊಂದು ಜನ, ಯಾರೂ ಯಾರನ್ನೂ ತಲೆ ಎತ್ತಿ ನೋಡದ ಕೋಣೆ ಅದು. ಹೊಲಿಗೆ ಕೋಣೆಯದು, ಹಾಲಿನದು ಅವಳು ಕಂಡಿರಲಿಲ್ಲ. ಎಲ್ಲದರಲ್ಲೂ ನಾಲ್ಕು ಕಾಲಮ್ಮು: ಹೆಸರು, ಬಂದ ಸಮಯ, ಸಹಿ, ಷರಾ. ಷರಾ ಕಾಲಮ್ಮು ಯಾರು ಏನು ಬೇಕಾದರೂ ಬರೆಯಲಿ ಎಂದು ಬಿಟ್ಟದ್ದು.

ಬುಧವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಾಲಿನ ಪುಸ್ತಕ ಬಿಚ್ಚಿ ಹಳೆಯ ಪುಟದಿಂದ ಶುರು ಮಾಡಿದಳು. ಗಂಡನ ಹೆಸರು ಆರನೆಯ ಸಾಲಿನಲ್ಲಿತ್ತು. ಬಂದ ಸಮಯ 4.07. ಮಾರನೆಯ ದಿನ 4.11. ಆಮೇಲೆ 4.08. ವಾಚಿನವರು ಬೇರೆ ಹೇಗೆ ಬರೆಯುತ್ತಾರೆ ಎಂದು ಅವಳ ತುಟಿ ಅರಳಿತು. ಉಳಿದವರೆಲ್ಲ ನಾಲ್ಕೂಕಾಲು, ನಾಲ್ಕೂವರೆ ಎಂದು ಬರೆದಿದ್ದರು. ಷರಾದಲ್ಲಿ ಅವರ ಸಣ್ಣ ಅಕ್ಷರ: "ಚೆಸ್, ಗೆಲುವು." "ಕೆಮ್ಮು. ಬೇಗ ಹೊರಟೆ." ಅವಳು ಅಂಕಿಗಳನ್ನು ಗುರುತು ಹಾಕಿಕೊಳ್ಳುತ್ತ ಪುಟ ತಿರುಗಿಸಿದಳು.

ಎಂಟು ತಿಂಗಳ ಪುಟಗಳನ್ನು ದಾಟಿದ ಮೇಲೆ ಏನೋ ಸರಿಯಿಲ್ಲ ಎನಿಸಿತು. 4.10. 4.05. 4.15. ಮತ್ತೆ 4.10.

ಪ್ರಯೋಗಾಲಯದಲ್ಲಿ ಕಿರಿಯರ ಕೈಬರಹದ ದಾಖಲೆಗಳನ್ನು ಅವಳು ಹೀಗೆಯೇ ಪರೀಕ್ಷಿಸುತ್ತಿದ್ದಳು. ಕಣ್ಣಿಂದ ನೋಡಿ ಬರೆದ ಅಂಕಿಗೆ ಒಂದು ಅಂಕುಡೊಂಕು ಇರುತ್ತದೆ; ಕೊನೆಯಲ್ಲಿ ಮೂರು ಬರುತ್ತದೆ, ಏಳು ಬರುತ್ತದೆ, ಎಂಟು ಬರುತ್ತದೆ. ಕೂತಲ್ಲೇ ಊಹಿಸಿ ಬರೆದ ಅಂಕಿ ಸೊನ್ನೆಗೂ ಐದಕ್ಕೂ ಅಂಟಿಕೊಳ್ಳುತ್ತದೆ. ಹಾಗೆ ಕಂಡಾಗ ಆ ಹುಡುಗಿಯರನ್ನು ಕರೆದು, ಬೈಯದೆ, ತಟ್ಟೆ ಮತ್ತೆ ಎಣಿಸಿ ಎನ್ನುತ್ತಿದ್ದಳು. ಈಗ ಅವಳಿಗೆ ಮೊದಲು ಹೊಳೆದದ್ದು, ಇವರ ವಾಚು ಏನಾದರೂ ಕೆಟ್ಟಿತ್ತೇ ಎಂದು. ಆಮೇಲೆ ತಾರೀಕು ನೋಡಿದಳು.

ಗಂಡ ತೀರಿಕೊಂಡದ್ದು ಭಾನುವಾರ ಬೆಳಿಗ್ಗೆ, ಆಸ್ಪತ್ರೆಯಲ್ಲಿ. ಪುಸ್ತಕದಲ್ಲಿ ಸೋಮವಾರ ಅವರು 4.10ಕ್ಕೆ ಭವನಕ್ಕೆ ಬಂದಿದ್ದರು. ಸಹಿ ಇತ್ತು, ಕೊನೆಯ ಅಕ್ಷರದ ಬಾಲವನ್ನು ಒಳಕ್ಕೆ ಸುತ್ತುವ ಅವರದೇ ಸಹಿ, ಸ್ವಲ್ಪ ನಿಧಾನವಾಗಿ ಬರೆದಂತೆ. ಮಂಗಳವಾರ ಬಂದಿದ್ದರು. ಬುಧವಾರವೂ. ಅವಳು ಪುಟಗಳನ್ನು ಒಟ್ಟಾಗಿ ಹಿಡಿದು ಸರಕ್ಕನೆ ಕೊನೆಗೆ ಹೋದಳು. ನಿನ್ನೆಯೂ ಬಂದಿದ್ದರು. ಷರಾ: "ಛಾವಣಿ ಸೋರಿ ಚೆಸ್ ಮಣೆ ಒದ್ದೆ. ಆಟ ಇಲ್ಲ."

ಅವಳು ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು. ಯಾಕೆ ತೊಳೆದೆ ಎಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಆ ವಾರ ಅವಳು ಲೆಕ್ಕ ಹಾಕಲಿಲ್ಲ, ಓದಿದಳು. ಎರಡು ವರ್ಷ ನಾಲ್ಕು ತಿಂಗಳಲ್ಲಿ ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ಚೆಸ್‌ನಲ್ಲಿ ಸೋಲುತ್ತಿದ್ದರು, ಗೆಲ್ಲುತ್ತಿದ್ದರು. ಒಮ್ಮೆ ಕನ್ನಡಕ ಮರೆತು ಬಂದು ಕುದುರೆ ಕಳೆದುಕೊಂಡಿದ್ದರು. ಹೋದ ಮೇಲಿನ ಮೊದಲ ತಿಂಗಳುಗಳಲ್ಲಿ ಷರಾದ ತುಂಬ ಕೆಮ್ಮು. ಅವರನ್ನು ತಿಂದು ಹಾಕಿದ ಅದೇ ಕೆಮ್ಮು. ಆಮೇಲೆ "ಕೆಮ್ಮು ಸ್ವಲ್ಪ ಕಡಿಮೆ." ಆಮೇಲೊಂದು ಗುರುವಾರ: "ಕೆಮ್ಮು ಪೂರ್ತಿ ಹೋಗಿದೆ. ಮುಖದಲ್ಲಿ ಕಳೆ ಬಂದಿದೆ."

ಆ ಸಾಲಿನ ಮೇಲೆ ಅವಳು ಬೆರಳಿಟ್ಟಳು. ಆ ಗುರುವಾರ ತಾನೇನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಮನೆಯಲ್ಲಿ ಅವರ ಅಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳೋ ಏನೋ. ಅಲ್ಲಿ, ನಾಲ್ಕು ಬೀದಿ ಆಚೆ, ಇವಳಿಗೊಂದು ಮಾತು ಹೇಳದೆ ಅವರು ಹುಷಾರಾಗಿದ್ದರು. ಅವಳಿಗೆ ಬಂದದ್ದು ಅಳುವಲ್ಲ, ಒಂದು ಬಗೆಯ ಹೊಟ್ಟೆಕಿಚ್ಚು.

ಶನಿವಾರ ಇನ್ನೊಂದು ಸಾಲು ಸಿಕ್ಕಿತು. "ನಾಳೆ ಅವಳೂ ಬರ್ತಾಳಂತೆ." ತಾರೀಕು ನೋಡಿದಳು. ಗೋಡೆಯ ಕ್ಯಾಲೆಂಡರು ತೆಗೆದು, ತನ್ನ ದಿನಚರಿ ತೆಗೆದು, ಎರಡು ಸಲ ತಾಳೆ ನೋಡಿದಳು. ಅದು ಅವಳು ಭವನಕ್ಕೆ ಮೊದಲ ಸಲ ಕಾಲಿಟ್ಟದ್ದರ ಹಿಂದಿನ ದಿನ. ಹೋಗಬೇಕೆಂದು ಅವಳಿಗೆ ತೋಚಿದ್ದೇ ಹೋದ ದಿನ ಬೆಳಿಗ್ಗೆ, ಕಪಾಟು ಒರೆಸುವಾಗ ಆ ಪುಸ್ತಕ ಕೈಗೆ ಸಿಕ್ಕಿದಾಗ. ಯಾರಿಗೂ ಹೇಳಿರಲಿಲ್ಲ. ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಹೊರಗೆ ಹಗಲು ಬೆಳಕಿತ್ತು, ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಗಡಿಯಾರ ನೋಡಿದಳು. ನಾಲ್ಕು ಗಂಟೆ ಹತ್ತು ನಿಮಿಷ. ಈಗ ಬಂದಿರುತ್ತಾರೆ ಎಂದು ಮನಸ್ಸು ತಾನೇ ಹೇಳಿತು.

*

ಸೋಮವಾರ ಪುಸ್ತಕಗಳನ್ನು ಹಿಂತಿರುಗಿಸಿ, ಅಂದಿನಿಂದ ಅವಳು ಭವನದ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಲ್ಯಾಬಿನಿಂದ ನಿವೃತ್ತಿಯ ದಿನ ಕೊಟ್ಟಿದ್ದ, ಒತ್ತಿದರೆ ಟಿಕ್ ಎಂದು ಒಂದು ಅಂಕಿ ಏರುವ ಕೈ ಎಣಿಕೆಯ ಯಂತ್ರ ಮುಷ್ಟಿಯಲ್ಲಿತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ, ಹನ್ನೆರಡು ದಿನ.

"ಅಕ್ಕ, ನಾನು ಟೀ ಕುಡಿಯೋಕೆ ಹೊರಗೆ ಹೋಗಿ ಬಂದ್ರೆ ಇಬ್ಬರಾಗ್ತೀನಾ?" ಎಂದು ಮೆಡಿಕಲ್ ಅಂಗಡಿಯವರು ನಕ್ಕರು.

"ನಿಮ್ಮ ಹೊಟ್ಟೆ ನೋಡಿದ್ರೆ ಹೋಗದೇ ಇದ್ರೂ ಇಬ್ಬರೇ," ಎಂದಳು. ಆದರೆ ಒಂದೇ ಸಲ ಒತ್ತಿದ್ದಳು.

ಕೂತಲ್ಲಿಂದ ಹೊಲಿಗೆ ಕೋಣೆಯೂ ಹಾಲೂ ಕಾಣುತ್ತಿದ್ದವು. ಟೈಲರಮ್ಮ ಹತ್ತೂವರೆಗೆ ಬಂದು, ಮೊದಲು ತನ್ನ ತಾಯಿಯ ಹೆಸರಿನ ಮುಂದೆ ಸಮಯ ಬರೆದು, ಸಹಿ ಮಾಡಿ, ಕಿಟಕಿಯ ಪಕ್ಕದ ಯಂತ್ರದ ಮೇಲಿನ ಹೊದಿಕೆ ತೆಗೆದಿಟ್ಟು, ಆಮೇಲೆ ತನ್ನ ಹೆಸರು ಬರೆಯುತ್ತಿದ್ದಳು. ತಾಯಿ ಹೋಗಿ ಐದು ವರ್ಷವಾಗಿತ್ತು. ಹಾಲಿನಲ್ಲಿ ಬಡಗಿಯೊಬ್ಬ ಅಣ್ಣನ ಹಾಜರಿ ಹಾಕುತ್ತಿದ್ದ. ಪೋಸ್ಟಿನವರೊಬ್ಬರು ಮೂವರು ಗೆಳೆಯರದು ಹಾಕುತ್ತಿದ್ದರು, ಮೂವರೂ ಅವರ ಜೊತೆಗೆ ಓಡಾಡಿದವರು. ಯಾರೂ ಗುಟ್ಟಾಗಿ ಮಾಡುತ್ತಿರಲಿಲ್ಲ, ಯಾರೂ ಆ ಬಗ್ಗೆ ಮಾತೂ ಆಡುತ್ತಿರಲಿಲ್ಲ. ಮನೆಯಿಂದ ಹೊರಡುವಾಗ ದೀಪ ಆರಿಸುವ ಹಾಗೆ, ಕೈ ತಾನಾಗಿ ಮಾಡುವ ಕೆಲಸ.

ಹನ್ನೆರಡು ದಿನದ ಸರಾಸರಿ ಮೂವತ್ತೊಂದು. ಪುಸ್ತಕದ ಅರವತ್ನಾಲ್ಕರಲ್ಲಿ ಮೂವತ್ತಮೂರು ಜನ ಸತ್ತವರು.

ಕೊನೆಯ ದಿನ ಎಲ್ಲರೂ ಹೋದ ಮೇಲೆ ಅವಳು ಚೆಸ್ ಮೇಜಿಗೆ ಬಂದು, ಗಂಡ ಕೂರುತ್ತಿದ್ದ ಕುರ್ಚಿಯಲ್ಲಿ ಅಲ್ಲ, ಅದರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕಂಡಕ್ಟರಣ್ಣ ಕಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದ.

"ಕಂಡಕ್ಟರಣ್ಣ, ನಮ್ಮನೆಯವರ ಕೆಮ್ಮು ಹೇಗೆ ವಾಸಿಯಾಯ್ತು?"

ಅವನ ಕೈಯಲ್ಲೊಂದು ಆನೆ ಇತ್ತು. ಅದನ್ನು ಡಬ್ಬಿಗೂ ಹಾಕಲಿಲ್ಲ, ಮಣೆಯ ಮೇಲೂ ಇಡಲಿಲ್ಲ.

"ನೋಡೋಕಾಗ್ಲಿಲ್ಲ ಅಕ್ಕ," ಎಂದ. "ದಿನಾ ಕೆಮ್ಮು, ಕೆಮ್ಮು ಅಂತ ಬರೀತಿದ್ದೆ. ನನಗೇ ಎದೆ ಹಿಡ್ಕೊಂಡ ಹಾಗಾಗೋದು. ಒಂದಿನ ವಾಸಿ ಮಾಡ್ಬಿಟ್ಟೆ."

"ಇದೆಲ್ಲ ಶುರುವಾಗಿದ್ದು ಯಾವಾಗ?"

"ಎಂಟು ವರ್ಷ ಆಯ್ತು. ಈ ಭವನಕ್ಕೆ ವೈರಿಂಗ್ ಮಾಡಿದ್ನಲ್ಲ ಎಲೆಕ್ಟ್ರೀಷಿಯನ್, ಅವನು ಹೋದಾಗ. ಹೆಸರುಗಳನ್ನ ವಾರಕ್ಕೆ ಮುಂಚೆನೇ ಬರೆದಿಟ್ಟಿರ್ತಿದ್ದೆ. ಎಲ್ಲರ ಸಹಿ ಇದ್ದು ಅವನ ಸಾಲೊಂದೇ ಖಾಲಿ. ಖಾಲಿ ಬಿಟ್ರೆ ಸತ್ತ ಹಾಗೆ ಕಾಣ್ತಿತ್ತು."

"ಸತ್ತಿದ್ದರಲ್ಲ."

"ಸತ್ತಿದ್ದ. ಪುಸ್ತಕದಲ್ಲೂ ಯಾಕೆ ಸಾಯ್ಬೇಕು ಅನ್ನಿಸ್ತು, ಒಂದು ಸಹಿ ಎಳೆದೆ. ಮಾರನೇ ದಿನ ನಿಲ್ಲಿಸೋದು ಹೇಗೆ ಹೇಳಿ. ನಿಲ್ಲಿಸಿದ್ರೆ ನಾನೇ ಕೊಂದ ಹಾಗಲ್ವಾ?"

ಬಕೆಟ್ಟಿನಲ್ಲಿ ಒಂದು ಹನಿ ಬಿತ್ತು. ಅವಳು ಕೇಳಬೇಕಾದ್ದನ್ನು ಕೇಳಿದಳು. "ನಾಳೆ ಅವಳೂ ಬರ್ತಾಳಂತೆ ಅಂತ ಬರೆದಿದ್ದೀರಿ. ನಾನು ಬರ್ತೀನಿ ಅಂತ ನಿಮಗೆ ಹೇಳಿದ್ದು ಯಾರು?"

"ಅವರೇ."

ಅವಳು ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿ ನೋಡಿದಳು.

"ಬದುಕಿದ್ದಾಗ," ಎಂದ ಅವನು ಅವಸರದಿಂದ. "ವಾರಕ್ಕೆರಡು ಸಲ ಹೇಳೋರು. ನಾಳೆ ಅವಳೂ ಬರ್ತಾಳಂತೆ ಕಣಯ್ಯ, ಒಂದು ಕುರ್ಚಿ ಒರೆಸಿಡು ಅಂತ. ಅವತ್ತು ಏನು ಬರೀಬೇಕು ಅಂತ ತೋಚ್ಲಿಲ್ಲ, ಅದನ್ನೇ ಬರೆದೆ. ಮಾರನೇ ದಿನ ನೋಡಿದ್ರೆ ನೀವು ಬಾಗಿಲಲ್ಲಿ. ನನ್ನ ಕೈಯಲ್ಲಿದ್ದ ಟೀ ಪೂರ್ತಿ ಚೆಲ್ತು. ಅವತ್ತಿಂದ ಷರಾ ಬರೆಯೋಕೆ ನನಗೊಂಥರಾ ಭಯ."

ವಾರಕ್ಕೆರಡು ಸಲ, ಹತ್ತೊಂಬತ್ತು ವರ್ಷ. ಅವಳಿಗೆ ಗುಣಾಕಾರ ಬೇಡವೆಂದರೂ ಬಂತು. ಸುಮಾರು ಎರಡು ಸಾವಿರ ಸಲ ಒಂದು ಕುರ್ಚಿ ಒರೆಸಿಡಲು ಹೇಳಿದ್ದರು.

*

ಬುಧವಾರ ಸಮಿತಿ ಕೂಡಿತು. ಅವಳು ಎರಡು ಅಂಕಿಗಳನ್ನೂ ಹೇಳಿದಳು. ಯಾರಿಗೂ ಆಶ್ಚರ್ಯವಾಗಲಿಲ್ಲ, ಬೇರೆಯವರ ಬಾಯಿಂದ ಕೇಳಿದ್ದಕ್ಕೆ ಮಾತ್ರ ಮುಜುಗರಪಟ್ಟರು.

"ಅವರು ಬಂದು ಎಣಿಸ್ತಾರಾ? ಇಲ್ಲ. ಪುಸ್ತಕ ನೋಡ್ತಾರೆ, ಮೊಹರು ಒತ್ತುತ್ತಾರೆ," ಎಂದರು ಮೆಡಿಕಲ್ ಅಂಗಡಿಯವರು. "ಅರವತ್ನಾಲ್ಕು ಅಂತ ಅನ್ನಿ, ಕೂತ್ಕೊಳ್ಳಿ. ಒಂದು ನಿಮಿಷದ ಕೆಲಸ."

"ಮೂವತ್ತೊಂದು ಅಂದ್ರೆ ಪಾರ್ಕಿಂಗ್," ಎಂದ ಬಡಗಿ. "ನಮ್ಮಣ್ಣನ ಜಾಗದಲ್ಲಿ ಯಾವನದೋ ಕಾರು."

ಟೈಲರಮ್ಮ ಅವಳ ಹತ್ತಿರ ಬಂದು ನಿಂತಳು. "ಲ್ಯಾಬಕ್ಕ, ಭವನ ಹೋದ್ರೆ ಪುಸ್ತಕ ಹೋಗುತ್ತೆ. ಪುಸ್ತಕ ಹೋದ್ರೆ ಅವರೆಲ್ಲ ಎಲ್ಲಿಗೆ ಹೋಗ್ಬೇಕು? ನಿಮ್ಮನೆಯವರೂ ಅದರಲ್ಲಿದ್ದಾರೆ. ನೀವು ಬರೋಕೆ ಮುಂಚೆ ಆರು ತಿಂಗಳು ಅವರನ್ನ ನೋಡ್ಕೊಂಡಿದ್ದು ನಾವು."

ಲ್ಯಾಬಕ್ಕ ತನ್ನ ಚೀಲ ಎತ್ತಿಕೊಂಡಳು. ಮನೆಗೆ ಬಂದು ಎರಡು ಹಾಳೆ ಬರೆದಳು. ಒಂದರಲ್ಲಿ ಅರವತ್ನಾಲ್ಕು, ಒಂದರಲ್ಲಿ ಮೂವತ್ತೊಂದು. ಉಳಿದ ಮಾತೆಲ್ಲ ಒಂದೇ. ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. ಯಾವುದನ್ನು ಓದುತ್ತೇನೆಂದು ಅವಳಿಗೆ ಶುಕ್ರವಾರ ಬೆಳಿಗ್ಗೆಯೂ ಗೊತ್ತಿರಲಿಲ್ಲ. ಅರವತ್ನಾಲ್ಕರ ಹಾಳೆಯನ್ನು ಓದಿದರೆ ಅವರು ಇನ್ನಷ್ಟು ವರ್ಷ ನಾಲ್ಕೂ ಹತ್ತಕ್ಕೆ ಬರುತ್ತಿರುತ್ತಾರೆ. ಅದು ಅವಳಿಗೆ ಬೇಕಿತ್ತು. ಇಷ್ಟು ಬೇಕೆನಿಸಿದ್ದು ಬೇರೊಂದು ಅವಳ ನೆನಪಿನಲ್ಲಿಲ್ಲ.

*

ನಗರಸಭೆಯ ಸಭಾಂಗಣದಲ್ಲಿ ಮುಂದೆ ಸದಸ್ಯರ ಮೇಜುಗಳು ಅರ್ಧ ಚಂದ್ರದ ಹಾಗೆ, ಹಿಂದೆ ಜನರಿಗೆ ಐದು ಸಾಲು ಕುರ್ಚಿ. ಬೇರೆ ಬೇರೆ ವಾರ್ಡಿನವರೂ ತಮ್ಮ ತಮ್ಮ ಅರ್ಜಿ ಹಿಡಿದು ಬಂದಿದ್ದರು. ಭವನದವರು ಮೊದಲೇ ಬಂದು ಮೂರು ಸಾಲು ಹಿಡಿದಿದ್ದರು. ಕರೆ ಬಂದಾಗ ಅವಳು ಹಿಂದೆ ನೋಡದೆ ಮೈಕಿನ ಮುಂದೆ ಹೋಗಿ ನಿಂತಳು. ಪುಸ್ತಕಗಳನ್ನು ಗುಮಾಸ್ತ ನಗರಸಭೆಯ ಅಧ್ಯಕ್ಷೆಯ ಮೇಜಿನ ಮೇಲಿಟ್ಟ.

ಛಾವಣಿಯ ಬಗ್ಗೆ ಹೇಳಿದಳು, ಬಕೆಟ್ಟುಗಳ ಬಗ್ಗೆ ಹೇಳಿದಳು. ಹೊಲಿಗೆ ಕಲಿತು ಹೊಟ್ಟೆ ಹೊರೆಯುತ್ತಿರುವ ಹೆಂಗಸರ ಬಗ್ಗೆ, ಶೌಚಾಲಯವಿಲ್ಲವೆಂದು ನೀರು ಕುಡಿಯದೆ ಸಂಜೆಯವರೆಗೆ ಕೂರುವವರ ಬಗ್ಗೆ ಹೇಳಿದಳು. ಅಧ್ಯಕ್ಷೆ ಪುಸ್ತಕದ ಪುಟ ತಿರುಗಿಸುತ್ತಲೇ ಕೇಳುತ್ತಿದ್ದರು. ಐವತ್ತರ ಆಸುಪಾಸಿನ, ದಣಿದ ಕಣ್ಣಿನ ಹೆಂಗಸು.

"ಇಲ್ಲಿ ಅರವತ್ನಾಲ್ಕು ಇದೆ," ಎಂದರು. "ಒಳ್ಳೇದು. ನೀವೇ ಎಣಿಸಿದ್ದೀರಾ ಅಮ್ಮ?"

ಬೇರೆ ಯಾವ ಪ್ರಶ್ನೆಯಾಗಿದ್ದರೂ ಅವಳು ಹೇಗೋ ದಾಟುತ್ತಿದ್ದಳು. ಈ ಪ್ರಶ್ನೆಯನ್ನು ಅವಳಿಗೆ ಮೂವತ್ತೆರಡು ವರ್ಷ, ದಿನವೂ ಸಂಜೆ, ಮೇಲಿನವರು ಕೇಳಿದ್ದರು. ಅದಕ್ಕೆ ಉತ್ತರ ಕೊಡುವುದು ನಾಲಿಗೆಗೆ ರೂಢಿಯಾಗಿ ಹೋಗಿತ್ತು.

"ಎಣಿಸಿದ್ದೀನಿ. ಮೂವತ್ತೊಂದು."

ಅಧ್ಯಕ್ಷೆ ಪುಸ್ತಕದಿಂದ ತಲೆ ಎತ್ತಿದರು.

"ಮತ್ತೆ ಉಳಿದವರು?"

"ಉಳಿದವರು ತೀರಿಕೊಂಡವರು. ಅವರ ಹಾಜರಿ ನಾವು ಹಾಕ್ತೀವಿ. ನಿಮಗೆ ಮೋಸ ಮಾಡೋಕೆ ಶುರು ಮಾಡಿದ್ದಲ್ಲ. ನಿಮ್ಮ ಕಾಗದ ಬರೋಕೆ ಎಂಟು ವರ್ಷ ಮುಂಚಿಂದ ಇದೆ." ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾನು ನೀರಿನ ಲ್ಯಾಬಲ್ಲಿದ್ದೋಳು. ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಸತ್ತಿರೋ ಕ್ರಿಮಿ, ಬದುಕಿರೋ ಕ್ರಿಮಿ ಎರಡೂ ಒಂದೇ ಥರ ಕಾಣುತ್ತೆ. ಎರಡೂ ಅಲ್ಲಿರೋದು ನಿಜ. ಆದ್ರೆ ಅಂಟಿನ ಮೇಲೆ ಬೆಳೆಯೋದು ಬದುಕಿರೋದು ಮಾತ್ರ. ನೀವು ಕೇಳಿರೋದು ಆ ಲೆಕ್ಕ. ಅದು ಮೂವತ್ತೊಂದು."

ಪಾರ್ಕಿಂಗ್ ಪ್ರಸ್ತಾವ ತಂದಿದ್ದ ಸದಸ್ಯರು ಹಿಂದಕ್ಕೆ ಒರಗಿ ನಕ್ಕರು. "ಸತ್ತವರಿಗೆ ಛಾವಣಿ ಯಾಕ್ರೀ?"

"ಅವರಿಗೆ ಬೇಡ ಸ್ವಾಮಿ," ಎಂದು ಹಿಂದಿನಿಂದ ಕಂಡಕ್ಟರಣ್ಣನ ದನಿ ಬಂತು. "ಅವರ ತಲೆ ನೆನೆಯಲ್ಲ. ನೆನೀತಿರೋದು ನಮ್ಮದು."

ಅಧ್ಯಕ್ಷೆ ಪುಟ ತಿರುಗಿಸುವುದನ್ನು ನಿಲ್ಲಿಸಿ ಷರಾ ಕಾಲಮ್ಮನ್ನು ಓದುತ್ತಿದ್ದರು. ಒಂದು ಪುಟ ಪೂರ್ತಿ ಓದಿದರು. ಆಮೇಲೆ ಅಕ್ಕಪಕ್ಕದವರೊಡನೆ ತಲೆ ಬಗ್ಗಿಸಿ ಮಾತಾಡಿ ನಿರ್ಧಾರ ಹೇಳಿದರು. ಮೂವತ್ತೊಂದು ಜನಕ್ಕೆ ಹೊಸ ಕಟ್ಟಡ ಸಾಧ್ಯವಿಲ್ಲ. ದುರಸ್ತಿಯ ಬಾಬ್ತಿನಲ್ಲಿ ಛಾವಣಿ ಮತ್ತು ಶೌಚಾಲಯ. ಪಾರ್ಕಿಂಗ್ ವಿಷಯ ಒಂದು ವರ್ಷ ಮುಂದಕ್ಕೆ. ಮತ್ತೆ ಎಣಿಸಿ ತೀರ್ಮಾನ.

"ಒಂದು ಮಾತು ಅಮ್ಮ," ಎಂದರು. "ಈ ಪುಸ್ತಕ ಹೀಗೇ ಇದ್ರೆ ನಾನು ಫೈಲಿಗೆ ಸೇರಿಸೋಕಾಗಲ್ಲ. ಪೂರ್ತಿ ಬೇಡ, ಕೊನೆಯ ಪುಟದಲ್ಲಿ, ಇಲ್ಲದವರ ಹೆಸರು ನೀವೇ ಹೊಡೆದು ಸಹಿ ಹಾಕಿಕೊಡಿ. ಮುಂದಕ್ಕೆ ಬರೆಯೋದು ಬೇಡ."

ಗುಮಾಸ್ತನ ಪಕ್ಕದಲ್ಲಿ ಒಂದು ಕುರ್ಚಿ, ಒಂದು ಅಳತೆ ಪಟ್ಟಿ ಕೊಟ್ಟರು. ಪ್ರಯೋಗಾಲಯದ ದಾಖಲೆಯಲ್ಲಿ ತಪ್ಪು ನಮೂದನ್ನು ಅಳಿಸುವುದಿಲ್ಲ, ಗೀಚಿ ಮುಚ್ಚುವುದೂ ಇಲ್ಲ. ಕೆಳಗಿನ ಬರಹ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಕು. ಅವಳು ಹಾಗೆಯೇ ಮಾಡಿದಳು. ಟೈಲರಮ್ಮನ ತಾಯಿ. ಹೊಲಿಗೆ ಕೋಣೆಯ ಇನ್ನು ಹನ್ನೆರಡು ಜನ. ಆಮೇಲೆ ಹಾಲಿನ ಪುಸ್ತಕ. ಎಲೆಕ್ಟ್ರೀಷಿಯನ್, ಬಡಗಿಯ ಅಣ್ಣ, ಪೋಸ್ಟಿನವರ ಮೂವರು ಗೆಳೆಯರು.

ಆಗ ಅವಳ ಗಮನಕ್ಕೆ ಬಂತು, ಕೊನೆಯ ಪುಟ ಇವತ್ತಿನದು. ಇಲ್ಲಿಗೆ ಹೊರಡುವ ಮೊದಲೇ ಕಂಡಕ್ಟರಣ್ಣ ಹಾಜರಿ ಬರೆದು ಮುಗಿಸಿದ್ದ. ಪ್ರತಿ ಹೆಸರಿನ ಮುಂದೆ, ಬದುಕಿದ್ದವರಿಗೂ ಇಲ್ಲದವರಿಗೂ ಒಂದೇ ಷರಾ: "ನಗರಸಭೆಗೆ ಹೋಗಿದ್ದಾರೆ."

ಅವಳು ತಲೆ ಎತ್ತಿ ಮೊದಲ ಸಲ ಹಿಂದೆ ನೋಡಿದಳು. ಮೂರು ಸಾಲಿನ ತುಂಬ ಅವರು ಹರಡಿಕೊಂಡು ಕೂತಿದ್ದರು. ಟೈಲರಮ್ಮ, ಅವಳ ಪಕ್ಕ ಒಂದು ಖಾಲಿ ಕುರ್ಚಿ. ಬಡಗಿ, ಒಂದು ಖಾಲಿ ಕುರ್ಚಿ. ಪೋಸ್ಟಿನವರು ಸಾಲಿನ ತುದಿಯಲ್ಲಿ, ಮೂರು ಕುರ್ಚಿ ಬಿಟ್ಟು. ಅವಳು ಎದ್ದು ಬಂದ ಕುರ್ಚಿಯ ಎಡಕ್ಕೂ ಒಂದು ಖಾಲಿ ಇತ್ತು. ಬೆಳಿಗ್ಗೆ ತಾನೇ ಬಂದು ಕೂತಾಗ ಅಷ್ಟು ಜಾಗ ಬಿಟ್ಟೇ ಕೂತಿದ್ದಳು. ಅದು ಈಗ ತಿಳಿಯಿತು.

ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಆರನೆಯ ಸಾಲು ಉಳಿದಿತ್ತು. ಅವಳು ಪಟ್ಟಿಯನ್ನು ಇಟ್ಟಳು, ನೇರ ಮಾಡಿದಳು, ಗೆರೆ ಎಳೆದಳು. ಪಕ್ಕದಲ್ಲಿ ಸಹಿ ಹಾಕಿದಳು. ಗೆರೆಯ ಕೆಳಗೆ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು.

ಬಾಗಿಲ ಹತ್ತಿರ ಮುಂದಿನ ವಾರ್ಡಿನವರು ಗುಂಪಾಗಿ ನಿಂತಿದ್ದರು. ಗುಮಾಸ್ತ ಕೈ ಮಾಡಿ ಕೇಳಿದ, "ಮೇಡಂ, ಆ ಕುರ್ಚಿಗಳಲ್ಲಿ ಯಾರಾದ್ರೂ ಇದ್ದಾರಾ? ಪಾಪ, ಅವರು ಆಗಿಂದ ನಿಂತೇ ಇದ್ದಾರೆ."

ಅವಳು ಪುಸ್ತಕ ಮುಚ್ಚಿದಳು. "ಯಾರೂ ಇಲ್ಲ. ಕೂರೋಕೆ ಹೇಳಿ."

ಅವರು ಬಂದರು. ದಾರಿ ಬಿಡಲು ಟೈಲರಮ್ಮ ಮೊಣಕಾಲು ಒಳಕ್ಕೆ ಎಳೆದುಕೊಂಡಳು. ಬಡಗಿ ಪಕ್ಕಕ್ಕೆ ಬಂದು ಕೂತವನನ್ನು ಒಮ್ಮೆ ದಿಟ್ಟಿಸಿ ನೋಡಿ ಮುಖ ತಿರುಗಿಸಿದ. ಕಂಡಕ್ಟರಣ್ಣ ಎದ್ದು ಹೊರಗೆ ಹೋದ. ಲ್ಯಾಬಕ್ಕ ಪುಸ್ತಕಗಳನ್ನು ಒಪ್ಪಿಸಿ, ರಸೀದಿ ಪಡೆದು ತಿರುಗುವಷ್ಟರಲ್ಲಿ ಅವಳ ಕುರ್ಚಿಯಲ್ಲೂ, ಅದರ ಪಕ್ಕದ್ದರಲ್ಲೂ ಯಾರೋ ಗಂಡ ಹೆಂಡತಿ ಕೂತು, ತಮ್ಮ ಬೀದಿಯ ಚರಂಡಿಯ ಚಿತ್ರಗಳನ್ನು ಜೋಡಿಸಿಕೊಳ್ಳುತ್ತಿದ್ದರು.

ಅವಳು ಹೋಗಿ ಗೋಡೆಗೆ ಒರಗಿ ನಿಂತಳು. ಆ ಕಡೆಯೂ ಜನ ಸೇರುತ್ತಿದ್ದರು. ಎಳೆ ಮಗುವನ್ನು ಹೊತ್ತ ಹೆಂಗಸೊಬ್ಬಳು ಹತ್ತಿರ ಬಂದು, "ಅಕ್ಕ, ಸ್ವಲ್ಪ ಆ ಕಡೆ ಸರೀತೀರಾ? ಜಾಗ ಇದೆಯಲ್ಲ," ಎಂದಳು.

ಲ್ಯಾಬಕ್ಕ ತನ್ನ ಎಡಕ್ಕೆ ನೋಡಿದಳು. ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಅವಳು ಬಲಕ್ಕೆ ಸರಿದು, ಗೋಡೆ ಮುಗಿಯುವ ಮೂಲೆಗೆ ತನ್ನನ್ನು ಒತ್ತಿಕೊಂಡು, ಆ ಹೆಂಗಸಿಗೆ ತನ್ನ ಮುಂದೆ ನಿಲ್ಲಲು ಕೈ ತೋರಿಸಿದಳು. ಎಡಗಡೆಯ ಜಾಗವನ್ನು ಹಾಗೆಯೇ ಬಿಟ್ಟಳು.